ಸೂಜಿ ಕಾಲಿಗೆ, ಶಮನ ಹೊಟ್ಟೆಗೆ?

ಓದುಗರ ಪ್ರಶ್ನೆ, ತಜ್ಞರ ಉತ್ತರ

ವರ್ಷಗಟ್ಟಲೆ ಬಿಡದ ಹೊಟ್ಟೆನೋವಿಗೆ ಆಕ್ಯುಪಂಕ್ಚರ್ ಮಾಡಿಸಬಹುದೇ ಎಂದು ಕೇಳಿ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿಕೊಂಡಿದ್ದೇವೆ. ಜಠರ-ಕರುಳು ತಜ್ಞರು ಮತ್ತು ನೋವು ಚಿಕಿತ್ಸಾ ತಜ್ಞರು ಸೇರಿ ಉತ್ತರಿಸಿದ್ದಾರೆ.

ನನಗೆ 34 ವರ್ಷ. ಐದು ವರ್ಷದಿಂದ ಹೊಕ್ಕುಳ ಕೆಳಗೆ ನುಲಿಯುವ ನೋವು. ಊಟವಾದ ಅರ್ಧ ಗಂಟೆಗೆ ಶುರುವಾಗುತ್ತದೆ, ಶೌಚಕ್ಕೆ ಹೋಗಿ ಬಂದರೆ ಸ್ವಲ್ಪ ಹಗುರ. ಸ್ಕ್ಯಾನಿಂಗ್, ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಎಲ್ಲ ನಾರ್ಮಲ್. ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್, ಅಂದರೆ ಕೆರಳುವ ಕರುಳಿನ ತೊಂದರೆ) ಎಂದಿದ್ದಾರೆ. ರಿಪೋರ್ಟ್ ಸರಿಯಿದ್ದ ಮೇಲೆ ನೋವು ಎಲ್ಲಿಂದ ಬರುತ್ತದೆ? ಕಾಲಿಗೆ ಸೂಜಿ ಚುಚ್ಚಿದರೆ ಅದು ಹೋಗುವುದಾದರೂ ಹೇಗೆ? (ಓದುಗರೊಬ್ಬರು, ಚಿಕ್ಕಮಗಳೂರು)

ನಿಮ್ಮ ನೋವು ನಿಜವಾದದ್ದೇ. ಕೊಲೊನೋಸ್ಕೋಪಿ ಕರುಳಿನ ಒಳಗೋಡೆಯನ್ನು ತೋರಿಸುತ್ತದೆ. ಆ ಗೋಡೆಯಿಂದ ಹೊರಟ ನರ ಎಷ್ಟು ಜೋರಾಗಿ ಸುದ್ದಿ ಕಳಿಸುತ್ತಿದೆ ಎಂಬುದನ್ನು ತೋರಿಸುವುದಿಲ್ಲ. ಗುದನಾಳದೊಳಗೆ ಸಣ್ಣ ಬಲೂನು ಇಟ್ಟು ನಿಧಾನಕ್ಕೆ ಗಾಳಿ ತುಂಬುವ ಪರೀಕ್ಷೆಯೊಂದಿದೆ. ಉಳಿದವರಿಗೆ ಬರೀ ಒತ್ತಡ ಎನಿಸುವ ಹಂತದಲ್ಲೇ ಐಬಿಎಸ್ ಇರುವ ಬಹಳಷ್ಟು ಮಂದಿಗೆ ನೋವು ಶುರುವಾಗುತ್ತದೆ. ಊಟವಾದ ಮೇಲೆ ಕರುಳು ಎಲ್ಲರಲ್ಲೂ ಹಿಂಡುತ್ತದೆ, ಎಲ್ಲರ ಹೊಟ್ಟೆಯಲ್ಲೂ ಗ್ಯಾಸ್ ಓಡಾಡುತ್ತದೆ. ನಿಮ್ಮ ನರವ್ಯೂಹ ಅದನ್ನೇ ನೋವು ಎಂದು ಓದುತ್ತಿದೆ. ಹಿಂದೆಂದೋ ಆದ ಜೋರು ವಾಂತಿ-ಭೇದಿ, ಬಹುಕಾಲದ ಆತಂಕ, ನಿದ್ದೆಗೇಡು ಇವು ಈ ಸೂಕ್ಷ್ಮತೆಯನ್ನು ಹೆಚ್ಚಿಸುತ್ತವೆ.

ಈಗ ಕಾಲಿನ ಪ್ರಶ್ನೆ. ಕರುಳಿನಿಂದ ಸುದ್ದಿ ಮೇಲೆ ಹೋಗಲು ಎರಡು ದಾರಿ. ನೋವಿನ ಸುದ್ದಿ ಹೆಚ್ಚಾಗಿ ಬೆನ್ನುಹುರಿಯ ಮೂಲಕ ಏರುತ್ತದೆ. ಮೇಲಿನ ಕರುಳಿನ ನರಗಳು ಬೆನ್ನಿನ ನಡುಭಾಗದಲ್ಲಿ, ಗುದನಾಳದ ನರಗಳು ಸೊಂಟದ ಕೆಳಗೆ ತ್ರಿಕಾಸ್ಥಿಯ ಮಟ್ಟದಲ್ಲಿ ಒಳಸೇರುತ್ತವೆ. ಇನ್ನೊಂದು ದಾರಿ ಮಿದುಳಿನ ಬುಡದಿಂದ ಹೊಟ್ಟೆಯವರೆಗೆ ಇಳಿಯುವ ವೇಗಸ್ ನರ. ಅದರ ಎಳೆಗಳಲ್ಲಿ ಸುಮಾರು 80 ಶೇಕಡಾ ಕೆಳಗಿನ ಸುದ್ದಿಯನ್ನು ಮೇಲಕ್ಕೆ ಒಯ್ಯುವಂಥವು.

ಬೆನ್ನುಹುರಿಯೊಳಗೆ ಕರುಳಿನ ನರವೂ ಚರ್ಮ-ಸ್ನಾಯುಗಳ ನರವೂ ಅನೇಕ ಕಡೆ ಒಂದೇ ನರಕೋಶದ ಮೇಲೆ ಬಂದು ಕೂಡುತ್ತವೆ. ಅಪೆಂಡಿಕ್ಸ್ ಊತದ ನೋವು ಮೊದಲು ಹೊಕ್ಕುಳ ಸುತ್ತ ಕಾಣಿಸಿಕೊಳ್ಳುವುದು, ಹೃದಯಾಘಾತದ ನೋವು ಎಡಗೈಗೆ ಇಳಿಯುವುದು ಈ ಕೂಡುವಿಕೆಯಿಂದಲೇ. ಸೂಜಿಯೂ ಇದನ್ನೇ ಬಳಸಿಕೊಳ್ಳುತ್ತದೆ. ಹೊಕ್ಕುಳ ಪಕ್ಕದಲ್ಲಿ ಚುಚ್ಚಿದ ಸೂಜಿ ಕರುಳಿನ ನರ ಸೇರುವ ಮಟ್ಟದಲ್ಲೇ ಬೆನ್ನುಹುರಿಗೆ ಸುದ್ದಿ ಮುಟ್ಟಿಸಿ ಅಲ್ಲಿನ ನೋವಿನ ಕೋಶಗಳನ್ನು ತಗ್ಗಿಸಬಲ್ಲದು. ಕಾಲಿನ ಸೂಜಿ ಅಷ್ಟು ನೇರವಲ್ಲ. ಅದರ ಸುದ್ದಿ ಮಿದುಳುಕಾಂಡಕ್ಕೆ ಹೋಗಿ, ಅಲ್ಲಿಂದ ಕೆಳಗಿಳಿಯುವ ನೋವುತಡೆ ನರಗಳನ್ನು ಎಬ್ಬಿಸುತ್ತದೆ. ಆಗ ಎಂಡಾರ್ಫಿನ್ ಜಾತಿಯ, ಅಂದರೆ ದೇಹವೇ ತಯಾರಿಸುವ ಮಾರ್ಫಿನ್‌ನಂಥ (ಓಪಿಯಾಯ್ಡ್) ರಾಸಾಯನಿಕಗಳು ಹೊರಬೀಳುತ್ತವೆ. ಓಪಿಯಾಯ್ಡ್‌ಗಳನ್ನು ತಡೆಯುವ ನಾಲೊಕ್ಸೋನ್ ಔಷಧ ಕೊಟ್ಟಾಗ ಆಕ್ಯುಪಂಕ್ಚರಿನ ನೋವುಶಮನ ಇಳಿದುಹೋಯಿತು ಎಂದು 1977ರಲ್ಲಿ ಮನುಷ್ಯರ ಮೇಲಿನ ಪ್ರಯೋಗವೊಂದು ತೋರಿಸಿತು. ಬೀಜಿಂಗಿನ ಹಾನ್ ಜಿಶೆಂಗ್ ಅವರ ತಂಡ ಇನ್ನೂ ಮುಂದೆ ಹೋಗಿ, ಸೂಜಿಗೆ ಕೊಡುವ ವಿದ್ಯುತ್ತು ಸೆಕೆಂಡಿಗೆ 2 ಸಲ ಮಿಡಿದರೆ ಎಂಡಾರ್ಫಿನ್, ಎನ್‌ಕೆಫಲಿನ್, 100 ಸಲ ಮಿಡಿದರೆ ಡೈನಾರ್ಫಿನ್ ಎಂಬ ಬೇರೆಯೇ ವಸ್ತು ಬಿಡುಗಡೆಯಾಗುತ್ತದೆ ಎಂದು ಕಂಡುಕೊಂಡಿತು.

ಅಂದರೆ ಸೂಜಿ ಕರುಳನ್ನು ರಿಪೇರಿ ಮಾಡುವುದಿಲ್ಲ. ಕರುಳಿನ ಸುದ್ದಿ ನೋವಾಗಿ ಮಾರ್ಪಡುವ ಜಾಗಗಳಲ್ಲಿ ಅದನ್ನು ತಗ್ಗಿಸಲು ನೋಡುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಎಂಥ ನೋವಿಗೆ ಸೂಜಿ ಪ್ರಯತ್ನಿಸಬಹುದು, ಎಂಥದ್ದಕ್ಕೆ ಕೂಡದು ಎಂಬುದು ತಾನಾಗಿ ತಿಳಿಯುತ್ತದೆ.

ನಾನು ನಿವೃತ್ತ ವಿಜ್ಞಾನ ಶಿಕ್ಷಕ. ಚೀನಾದ ಪದ್ಧತಿಯಲ್ಲಿ ಹೇಳುವ ‘ಚಿ’ ಎಂಬ ಪ್ರಾಣಶಕ್ತಿ, ಅದು ಹರಿಯುವ ನಾಡಿಮಾರ್ಗ ಇವನ್ನು ನಂಬುವುದು ಕಷ್ಟ. ಹಾಗಾದರೆ ಎಲ್ಲಿ ಚುಚ್ಚಿದರೂ ಒಂದೇನಾ? (ಓದುಗರೊಬ್ಬರು, ಮೈಸೂರು)

ನಾಡಿಮಾರ್ಗಕ್ಕೆ ಹೊಂದುವ ಪ್ರತ್ಯೇಕ ಕೊಳವೆಯಾಗಲೀ ನಾಳವಾಗಲೀ ಅಂಗರಚನೆಯಲ್ಲಿ ಸಿಕ್ಕಿಲ್ಲ. ಆದರೆ ಜಾಗಕ್ಕೆ ಬೆಲೆಯಿಲ್ಲ ಎನ್ನುವುದೂ ತಪ್ಪು. ಕಾರಣ ಆ ಜಾಗದ ಅಡಿಯಲ್ಲಿರುವ ನರ.

ಹೊಟ್ಟೆಯ ತೊಂದರೆಗೆ ಅತಿ ಹೆಚ್ಚು ಬಳಸುವ ಬಿಂದು ಝುಸಾನ್‌ಲಿ. ಮೊಣಕಾಲು ಮಡಿಸಿದಾಗ ಚಿಪ್ಪಿನ ಕೆಳಗೆ ಹೊರಬದಿಯಲ್ಲಿ ಒಂದು ತಗ್ಗು ಕಾಣುತ್ತದೆ. ಅಲ್ಲಿಂದ ನಾಲ್ಕು ಬೆರಳಗಲ ಕೆಳಗೆ, ಕಾಲಿನ ಮುಂಮೂಳೆಯ ಏಣಿನಿಂದ ಒಂದು ಬೆರಳಗಲ ಹೊರಕ್ಕೆ. ಪಾದವನ್ನು ಮೇಲಕ್ಕೆತ್ತಿದರೆ ಅಲ್ಲಿ ಸ್ನಾಯು ಉಬ್ಬುವುದು ಬೆರಳಿಗೆ ಸಿಗುತ್ತದೆ. ಹಾರ್ವರ್ಡಿನ ಮಾ ಚಿಯುಫು ಅವರ ತಂಡ ಇಲಿಗಳಲ್ಲಿ ಈ ಜಾಗವನ್ನು ಸೂಕ್ಷ್ಮವಾಗಿ ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿತು. ಹಿಂಗಾಲಿನ ಈ ಭಾಗದಲ್ಲಿ, ಮೂಳೆಯನ್ನೂ ಸ್ನಾಯುವನ್ನೂ ಹೊದ್ದಿರುವ ಆಳದ ಪೊರೆಗೆ ಒಂದು ನಿರ್ದಿಷ್ಟ ಬಗೆಯ ಸಂವೇದನಾ ನರಗಳು ಬರುತ್ತವೆ. ಅವನ್ನು 0.5 ಮಿಲಿಆಂಪಿಯರ್‌ನಷ್ಟು ಸಣ್ಣ ವಿದ್ಯುತ್ತಿನಿಂದ ಎಬ್ಬಿಸಿದರೆ ಸುದ್ದಿ ಮಿದುಳುಕಾಂಡಕ್ಕೆ ಹೋಗಿ, ವೇಗಸ್ ನರದ ಮೂಲಕ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗೆ ಇಳಿದು, ಉರಿಯೂತ ತಗ್ಗಿಸುವ ವಸ್ತುಗಳು ರಕ್ತಕ್ಕೆ ಬರುತ್ತವೆ. ಆ ನರಗಳನ್ನು ತೆಗೆದುಹಾಕಿದ ಇಲಿಗಳಲ್ಲಿ ಪರಿಣಾಮ ಮಾಯ. ಅಷ್ಟೇ ವಿದ್ಯುತ್ತನ್ನು ಹೊಟ್ಟೆಯ ಬಿಂದುವಿಗೆ ಕೊಟ್ಟರೂ ಈ ದಾರಿ ತೆರೆಯಲಿಲ್ಲ.

ಅದೇ ಪ್ರಯೋಗಾಲಯದ 2020ರ ಕೆಲಸವನ್ನು ಚಿಕಿತ್ಸಕರೆಲ್ಲ ಓದಬೇಕು ಎಂಬುದು ನಮ್ಮ ಅಭಿಪ್ರಾಯ. ಹೊಟ್ಟೆಯ ಬಿಂದುವಿಗೆ 3 ಮಿಲಿಆಂಪಿಯರ್ ಜೋರಿನಲ್ಲಿ ಕೊಟ್ಟಾಗ ಬೇರೆಯದೇ ಆದ ಸಿಂಪಥೆಟಿಕ್ ನರದಾರಿ (ಗಾಬರಿಯಾದಾಗ ದೇಹವನ್ನು ಸಜ್ಜುಗೊಳಿಸುವ ನರಗಳು) ಎಚ್ಚೆತ್ತಿತು. ಉರಿಯೂತ ಹುಟ್ಟುವ ಮುಂಚೆ ಕೊಟ್ಟರೆ ಇಲಿಗೆ ಒಳಿತಾಯಿತು, ಹುಟ್ಟಿದ ಮೇಲೆ ಕೊಟ್ಟರೆ ಉರಿಯೂತ ಹೆಚ್ಚಿತು. ಜೋರು ಕೊಟ್ಟಷ್ಟೂ ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿ ರೋಗಿಗಳಿಗೂ ಇದೆ, ಕೆಲವು ಚಿಕಿತ್ಸಕರಿಗೂ ಇದೆ. ಅದನ್ನು ಬಿಡಬೇಕು.

ಕರುಳಿನ ಚಲನೆಯಲ್ಲೂ ಇಂಥದ್ದೇ ಭೇದವಿದೆ. ಜಪಾನಿನ ಅಕಿಯೊ ಸಾಟೊ ಮತ್ತು ಸಂಗಡಿಗರು ಇಲಿಗಳ ಹೊಟ್ಟೆಯ ಮೇಲೆ ಚುಚ್ಚಿದಾಗ ಜಠರದ ಚಲನೆ ತಗ್ಗಿತು, ಹಿಂಗಾಲಿಗೆ ಚುಚ್ಚಿದಾಗ ಹೆಚ್ಚಿತು. ಮೊದಲನೆಯದು ಸಿಂಪಥೆಟಿಕ್ ನರದ ಕೆಲಸ, ಎರಡನೆಯದು ವೇಗಸ್ ನರದ್ದು.

ಒಂದು ಮಾತು ಮರೆಯಬಾರದು. ಮಾ ಅವರ ಇಲಿಗಳಿಗೆ ಬ್ಯಾಕ್ಟೀರಿಯಾದ ವಿಷ ಕೊಟ್ಟು ದಿಢೀರ್ ಉರಿಯೂತ ತರಿಸಲಾಗಿತ್ತು. ಐದು ವರ್ಷದ ಐಬಿಎಸ್ ನೋವಿಗೆ ಅದೇ ದಾರಿ ಅಷ್ಟೇ ಕೆಲಸ ಮಾಡುತ್ತದೆ ಎಂದು ಅದರಿಂದ ಹೇಳಲು ಬರುವುದಿಲ್ಲ.

ಎಲ್ಲ ಬರೀ ನಂಬಿಕೆಯ ಪರಿಣಾಮ, ಸುಳ್ಳು ಸೂಜಿಯಿಂದಲೂ ಗುಣ ಕಾಣುತ್ತದಂತೆ, ಹೌದೇ? (ಓದುಗರೊಬ್ಬರು, ದಾವಣಗೆರೆ)

ಐಬಿಎಸ್ ಮಟ್ಟಿಗೆ ನಿಮ್ಮ ಮಾತಿನಲ್ಲಿ ಸಾಕಷ್ಟು ಸತ್ಯವಿದೆ. ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2012ರ ವಿಮರ್ಶೆ 17 ಪ್ರಯೋಗಗಳ 1,806 ರೋಗಿಗಳ ಲೆಕ್ಕ ನೋಡಿತು. ಸುಳ್ಳು ಸೂಜಿಯೊಡನೆ, ಅಂದರೆ ಚಿಕಿತ್ಸೆಯಂತೆ ಬರೀ ತೋರಿಕೆಗೆ ಮಾಡುವುದರೊಡನೆ, ಹೋಲಿಸಿದ ಪ್ರಯೋಗಗಳಲ್ಲಿ ನಿಜವಾದ ಸೂಜಿಯ ಮೇಲುಗೈ ಕಾಣಲಿಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿಯೂ ಐಬಿಎಸ್‌ಗೆ ಆಕ್ಯುಪಂಕ್ಚರನ್ನು ಪ್ರೋತ್ಸಾಹಿಸಬೇಡಿ ಎನ್ನುತ್ತದೆ.

2008ರಲ್ಲಿ ಬಾಸ್ಟನ್ನಿನ ಟೆಡ್ ಕಾಪ್ಚಕ್ ತಂಡ 262 ಐಬಿಎಸ್ ರೋಗಿಗಳನ್ನು ಮೂರು ಗುಂಪು ಮಾಡಿತು. ಬರೀ ಸರದಿ ಕಾದವರಲ್ಲಿ 28 ಶೇಕಡಾ ಮಂದಿ ಮೂರು ವಾರದಲ್ಲಿ ‘ಸಾಕಷ್ಟು ಶಮನವಾಗಿದೆ’ ಎಂದರು. ಚರ್ಮದೊಳಗೆ ಹೋಗದ ಸುಳ್ಳು ಸೂಜಿ ಪಡೆದವರಲ್ಲಿ 44 ಶೇಕಡಾ. ಅದೇ ಸುಳ್ಳು ಸೂಜಿಯ ಜೊತೆ, ಮೊದಲ ಭೇಟಿಯಲ್ಲಿ ಚಿಕಿತ್ಸಕರು ಮುಕ್ಕಾಲು ಗಂಟೆ ಕೂತು ಅಕ್ಕರೆಯಿಂದ ಮಾತು ಕೇಳಿಸಿಕೊಂಡ ಗುಂಪಿನಲ್ಲಿ 62 ಶೇಕಡಾ. ಹೊರರೋಗಿ ವಿಭಾಗದಲ್ಲಿ ಐದೇ ನಿಮಿಷ ಸಿಗುವ ವ್ಯವಸ್ಥೆ ನಮ್ಮದು. ಮಾತು ಕೇಳಿಸಿಕೊಳ್ಳುವುದೂ ಚಿಕಿತ್ಸೆಯ ಭಾಗ ಎಂದು ಈ ಅಂಕಿಗಳು ನಮ್ಮಂಥ ವೈದ್ಯರಿಗೇ ಹೇಳುತ್ತಿವೆ.

ಹಾಗೆಂದು ಎಲ್ಲ ಕಡೆ ಫಲಿತಾಂಶ ಹೀಗೇ ಇಲ್ಲ. ಬ್ರಿಟನ್ನಿನಲ್ಲಿ 233 ಐಬಿಎಸ್ ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಮಾಮೂಲಿ ಚಿಕಿತ್ಸೆಯ ಜೊತೆ ವಾರಕ್ಕೊಂದರಂತೆ 10 ಸಲ ಸೂಜಿ ಕೊಟ್ಟಾಗ ಮೂರು ತಿಂಗಳಿಗೆ ಸಾಧಾರಣ ಮಟ್ಟದ ಲಾಭ ಕಂಡಿತು. ಅಲ್ಲಿ ಸುಳ್ಳು ಸೂಜಿಯ ಗುಂಪು ಇರಲಿಲ್ಲ. ತೀವ್ರ ಮಲಬದ್ಧತೆಯಲ್ಲಿ ಪುರಾವೆ ಇದಕ್ಕಿಂತ ಗಟ್ಟಿ. ಚೀನಾದಲ್ಲಿ 1,075 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎಂಟು ವಾರ, 28 ಸಲ ವಿದ್ಯುತ್ ಸೂಜಿ ಪಡೆದವರಲ್ಲಿ 31.3 ಶೇಕಡಾ ಮಂದಿಗೆ ವಾರಕ್ಕೆ ಸರಾಸರಿ ಮೂರು ಅಥವಾ ಹೆಚ್ಚು ಬಾರಿ ತೃಪ್ತಿಯಾಗುವಂತೆ ಶೌಚವಾಯಿತು. ಸುಳ್ಳು ಸೂಜಿಯವರಲ್ಲಿ 12.1 ಶೇಕಡಾ. ಸ್ವಲ್ಪ ತಿಂದರೂ ಹೊಟ್ಟೆ ತುಂಬಿ ಭಾರವಾಗುವ ಅಜೀರ್ಣದಲ್ಲಿ 278 ಮಂದಿಯ 2020ರ ಪ್ರಯೋಗವೂ ನಿಜವಾದ ಸೂಜಿಯ ಕಡೆಗೇ ವಾಲಿತು.

ಸುಳ್ಳು ಸೂಜಿಯಲ್ಲೂ ಒಂದು ತೊಡಕಿದೆ. ಬೇರೆ ಜಾಗದಲ್ಲಿ ಮೇಲುಮೇಲೆ ಚುಚ್ಚಿದರೂ, ಮೊಂಡ ಸೂಜಿಯಿಂದ ಒತ್ತಿದರೂ ಚರ್ಮದ ನರಗಳು ಎಚ್ಚರಗೊಳ್ಳುತ್ತವೆ. ಹಾಗಾಗಿ ಅದು ಸಕ್ಕರೆ ಗುಳಿಗೆಯಷ್ಟು ನಿರ್ಜೀವವಲ್ಲ.

ಇಷ್ಟೆಲ್ಲ ನೋಡಿ ನಾವು ಹೇಳುವುದು: ಐಬಿಎಸ್ ನೋವಿಗೆ ಇದು ಮೊದಲ ಚಿಕಿತ್ಸೆಯಲ್ಲ. ಆಹಾರ ಬದಲಾವಣೆ, ಔಷಧ ಎರಡನ್ನೂ ಸರಿಯಾಗಿ ಮಾಡಿಯೂ ನೋವು ಉಳಿದವರು ಜೊತೆಗೆ ಪ್ರಯತ್ನಿಸಬಹುದು.

ಅಪ್ಪನಿಗೆ 58. ಆರು ತಿಂಗಳಿಂದ ಹೊಟ್ಟೆನೋವು, ಏಳು ಕೆ.ಜಿ. ಇಳಿದಿದ್ದಾರೆ. ಆಸ್ಪತ್ರೆಗೆ ಬರಲು ಒಪ್ಪದೆ ಬರೀ ಆಕ್ಯುಪಂಕ್ಚರ್ ಮಾಡಿಸುತ್ತಿದ್ದಾರೆ. ಮುಂದುವರಿಸಬಹುದೇ? (ಓದುಗರೊಬ್ಬರು, ಗದಗ)

ಬೇಡ. ಈ ವಾರವೇ ಜಠರ-ಕರುಳು ತಜ್ಞರಿಗೆ ತೋರಿಸಿ. ಈ ವಯಸ್ಸಿನಲ್ಲಿ ಹೊಸದಾಗಿ ಶುರುವಾದ ನೋವು, ಜೊತೆಗೆ ತೂಕ ಇಳಿತ ಎಂದರೆ ಕ್ಯಾನ್ಸರ್, ಕರುಳಿನ ಕ್ಷಯ, ಮೇದೋಜೀರಕ ಗ್ರಂಥಿಯ ಕಾಯಿಲೆ ಇವನ್ನೆಲ್ಲ ಮೊದಲು ಹುಡುಕಬೇಕು. ಕರುಳಿನ ಕ್ಷಯ ನಮ್ಮ ದೇಶದಲ್ಲಿ ಅಪರೂಪವಲ್ಲ, ಮಾತ್ರೆಯಿಂದ ಗುಣವಾಗುತ್ತದೆ. ತಡವಾದರೆ ಕರುಳು ಕಟ್ಟಿಕೊಂಡು ಆಪರೇಷನ್ನಿಗೆ ಬರುತ್ತದೆ. ಸೂಜಿಯಿಂದ ಅವರಿಗೆ ನೋವು ಕಡಿಮೆಯಾಗಿದ್ದರೆ ಅದೇ ಅಪಾಯ. ರೋಗ ಒಳಗೇ ಬೆಳೆಯುತ್ತಿರುತ್ತದೆ, ಸುಳಿವು ಮಾತ್ರ ಮಾಯವಾಗಿರುತ್ತದೆ.

ಮಲದಲ್ಲಿ ರಕ್ತ, ಬಿಡದ ಜ್ವರ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ನೋವು ಅಥವಾ ಭೇದಿ, ಮನೆಯವರಲ್ಲಿ ಕರುಳಿನ ಕ್ಯಾನ್ಸರ್ ಇದ್ದ ಇತಿಹಾಸ, ಇವುಗಳಲ್ಲಿ ಒಂದಿದ್ದರೂ ಯಾವ ವಯಸ್ಸಿನವರೂ ಸೂಜಿಗೆ ಮುಂಚೆ ತಪಾಸಣೆ ಮಾಡಿಸಬೇಕು.

ಒಂದು ಸಲದ ಚಿಕಿತ್ಸೆಯಲ್ಲಿ ಏನೇನು ಮಾಡುತ್ತಾರೆ? ಎಷ್ಟು ಸಲ ಹೋಗಬೇಕು? ಗುಣವಾಗುತ್ತಿದೆ ಎಂದು ತಿಳಿಯುವುದು ಹೇಗೆ? (ಓದುಗರೊಬ್ಬರು, ಬೆಂಗಳೂರು)

ಹೋಗುವ ಎರಡು ವಾರ ಮುಂಚಿನಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ರಾತ್ರಿ ಆ ದಿನದ ಅತಿ ಹೆಚ್ಚಿನ ನೋವಿಗೆ 0ಯಿಂದ 10ರೊಳಗೆ ಅಂಕ ಹಾಕಿ. ಎಷ್ಟು ಸಲ ಶೌಚ, ಗಟ್ಟಿಯೋ ನೀರೋ, ಏನು ಮಾತ್ರೆ ತೆಗೆದುಕೊಂಡಿರಿ ಎಂದೂ ಬರೆಯಿರಿ. ಈ ಎರಡು ವಾರದ ಸರಾಸರಿ ಇಲ್ಲದಿದ್ದರೆ ಆಮೇಲೆ ಹೋಲಿಸಲು ಏನೂ ಇರುವುದಿಲ್ಲ. ಐಬಿಎಸ್ ತಾನಾಗಿ ಏರಿಳಿಯುವ ಕಾಯಿಲೆ. ಜನ ಚಿಕಿತ್ಸೆಗೆ ಹೋಗುವುದು ನೋವು ತುದಿ ಮುಟ್ಟಿದಾಗ, ಅಲ್ಲಿಂದ ಅದು ಹೇಗೂ ಸ್ವಲ್ಪ ಇಳಿಯುತ್ತದೆ.

ಹೋಗುವ ದಿನ ಹಸಿದ ಹೊಟ್ಟೆಯೂ ಬೇಡ, ತುಂಬಿದ ಹೊಟ್ಟೆಯೂ ಬೇಡ. ಎರಡು ಗಂಟೆ ಮುಂಚೆ ಎರಡು ಇಡ್ಲಿಯಷ್ಟು ತಿಂದರೆ ಸಾಕು. ಮೊದಲ ಸಲ ಮಲಗಿಯೇ ಚುಚ್ಚಿಸಿಕೊಳ್ಳಿ. ಹಸಿದು, ಹೆದರಿ, ಕೂತು ಚುಚ್ಚಿಸಿಕೊಂಡವರಿಗೆ ಬೆವರು ಬಂದು ಕಣ್ಣು ಕತ್ತಲೆಯಾಗುವುದುಂಟು. ಹಾಗಾದರೆ ಸೂಜಿ ತೆಗೆದು ಕಾಲು ಎತ್ತರದಲ್ಲಿಟ್ಟು ಮಲಗಿಸಿದರೆ ಕೆಲವೇ ನಿಮಿಷದಲ್ಲಿ ಸರಿಹೋಗುತ್ತದೆ.

ಸೂಜಿ ಸುಮಾರು 0.25 ಮಿಲಿಮೀಟರ್ ದಪ್ಪ, ಒಳಗೆ ಟೊಳ್ಳಿಲ್ಲ. ನಿಮ್ಮ ಎದುರೇ ಸೀಲ್ ಒಡೆದ ಪೊಟ್ಟಣದಿಂದ ತೆಗೆಯಬೇಕು, ಒಮ್ಮೆ ಬಳಸಿ ಎಸೆಯಬೇಕು. ಹೊಟ್ಟೆನೋವಿಗೆ ಸಾಮಾನ್ಯವಾಗಿ ಎರಡೂ ಕಾಲಿನ ಝುಸಾನ್‌ಲಿ, ಅದರ ಕೆಳಗೆ ಮತ್ತೆ ನಾಲ್ಕು ಬೆರಳಗಲ ದೂರದ ಇನ್ನೊಂದು ಬಿಂದು, ಹೊಕ್ಕುಳ ಎರಡೂ ಪಕ್ಕ ಸುಮಾರು ಮೂರು ಬೆರಳಗಲ ದೂರದ ಬಿಂದು, ವಾಕರಿಕೆ ಇದ್ದರೆ ಮಣಿಕಟ್ಟಿನ ಒಳಬದಿಯ ಬಿಂದು ಆರಿಸುತ್ತಾರೆ. ಕಾಲಿನಲ್ಲಿ ಸೂಜಿ ಎರಡೂವರೆ ಸೆಂಟಿಮೀಟರ್ ಆಸುಪಾಸು ಇಳಿಯುತ್ತದೆ. ಆಳ ಮುಟ್ಟಿದಾಗ ಚುಚ್ಚಿದ ನೋವು ಅಲ್ಲ, ಒಂದು ಬಗೆಯ ಭಾರ, ಜೋಮು, ಪಾದದ ಕಡೆಗೆ ಇಳಿಯುವ ಸೆಳೆತ ಬರಬೇಕು. ಆಳದ ನರ ಸ್ಪಂದಿಸಿದೆ ಎಂಬುದಕ್ಕೆ ಅದೇ ಗುರುತು. ಕರೆಂಟು ಹೊಡೆದಂತೆ ಚುರುಕ್ ಎಂದರೆ ಸೂಜಿ ನರಕ್ಕೇ ತಾಗಿದೆ. ಕೂಡಲೇ ಹೇಳಿ, ಸ್ವಲ್ಪ ಹಿಂದಕ್ಕೆ ಎಳೆಯುತ್ತಾರೆ. ಹೊಟ್ಟೆಯ ಮೇಲೆ ಆಳವನ್ನು ಕೊಬ್ಬಿನ ಪದರ ನೋಡಿ ನಿರ್ಧರಿಸಬೇಕು. ತೆಳ್ಳಗಿನವರಲ್ಲಿ ಒಂದೇ ಅಳತೆ ಹಿಡಿದು ಇಳಿಸಿದರೆ ಸೂಜಿ ಹೊಟ್ಟೆಯ ಒಳಪೊರೆ ದಾಟುತ್ತದೆ.

ವಿದ್ಯುತ್ತು ಕೊಡುವುದಾದರೆ ಒಂದೇ ಕಾಲಿನ ಎರಡು ಸೂಜಿಗೆ ಕ್ಲಿಪ್ ಹಾಕಿ, ಸೊನ್ನೆಯಿಂದ ನಿಧಾನವಾಗಿ ಏರಿಸಿ, ಸ್ನಾಯು ಸಣ್ಣಗೆ ಮಿಡಿಯುವಲ್ಲಿ ನಿಲ್ಲಿಸಬೇಕು. ಹಲ್ಲು ಕಚ್ಚಿ ಸಹಿಸುವಂತಿದ್ದರೆ ಹೆಚ್ಚಾಯಿತು ಎಂದರ್ಥ. 20ರಿಂದ 30 ನಿಮಿಷ. ತೆಗೆಯುವಾಗ ಸೂಜಿ ಸಿಕ್ಕಿಕೊಂಡರೆ ಸ್ನಾಯು ಬಿಗಿದಿದೆ. ಎಳೆಯದೆ ಸುತ್ತಲೂ ನೇವರಿಸಿ ಕಾಯಬೇಕು. ಎಷ್ಟು ಚುಚ್ಚಿದರೋ ಅಷ್ಟನ್ನೂ ಎಣಿಸಿ ತೆಗೆಯಬೇಕು.

ವಾರಕ್ಕೆ ಎರಡರಂತೆ ಆರು ಸಲ ಆದ ಮೇಲೆ ನೋಟ್‌ಬುಕ್ ತೆರೆಯಿರಿ. ಸರಾಸರಿ ನೋವು ಕನಿಷ್ಠ 30 ಶೇಕಡಾ ಇಳಿದಿದ್ದರೆ, ಉದಾಹರಣೆಗೆ 7 ಇದ್ದದ್ದು 5ಕ್ಕಿಂತ ಕೆಳಗೆ ಬಂದಿದ್ದರೆ, 10ರಿಂದ 12ರವರೆಗೆ ಮುಂದುವರಿಸಬಹುದು. ಐಬಿಎಸ್ ಔಷಧ ಪ್ರಯೋಗಗಳಲ್ಲೂ ಇದೇ 30ರ ಗೆರೆ ಬಳಸುತ್ತಾರೆ. ಇಳಿಯದಿದ್ದರೆ ನಿಲ್ಲಿಸಿ. 40 ಸಲದ ಪ್ಯಾಕೇಜಿಗೆ ಮುಂಗಡ ಹಣ ಕೇಳುವಲ್ಲಿಗೆ ಹೋಗಬೇಡಿ.

ಅಲ್ಸರೇಟಿವ್ ಕೊಲೈಟಿಸ್ ಇದೆ, ಮೆಸಲಮೀನ್ ತೆಗೆದುಕೊಳ್ಳುತ್ತೇನೆ. ಆಕ್ಯುಪಂಕ್ಚರ್ ಶುರು ಮಾಡಿದರೆ ಮಾತ್ರೆ ಬಿಡಲೇಬೇಕು ಎನ್ನುತ್ತಿದ್ದಾರೆ. (ಓದುಗರೊಬ್ಬರು, ಹುಬ್ಬಳ್ಳಿ)

ಬಿಡಬೇಡಿ. ಇದು ಕರುಳಿನ ಗೋಡೆಯಲ್ಲೇ ಹುಣ್ಣಾಗುವ ಕಾಯಿಲೆ. ಮಾತ್ರೆ ನಿಂತರೆ ಹುಣ್ಣು ಮರುಕಳಿಸುತ್ತದೆ, ದೀರ್ಘಕಾಲದ ಉರಿಯೂತದಿಂದ ಕ್ಯಾನ್ಸರಿನ ಅಪಾಯವೂ ಏರುತ್ತದೆ. ಮಾತ್ರೆ ಬಿಡಿ ಎನ್ನುವ ಚಿಕಿತ್ಸಕರನ್ನೇ ಬಿಡಿ.

ಆದರೆ ಹುಣ್ಣು ಮಾಯ್ದ ಮೇಲೂ ಕೆಲವರಿಗೆ ನೋವು ಉಳಿಯುತ್ತದೆ. ಕರುಳಿನ ಉರಿಯೂತವನ್ನು ತೋರಿಸುವ, ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಮಾಡಿಸಿ. ಅದು ಗ್ರಾಂಗೆ 50 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದೂ ನೋವಿದ್ದರೆ ಉಳಿದದ್ದು ನರದ ಸೂಕ್ಷ್ಮತೆಯ ಪಾಲು ಇರಬಹುದು. ಅಲ್ಲಿ ಮಾತ್ರೆಯ ಜೊತೆಜೊತೆಗೆ ಸೂಜಿ ಪ್ರಯತ್ನಿಸಲು ಅಡ್ಡಿಯಿಲ್ಲ.

ಹೊಟ್ಟೆನೋವಿಗೆ ವೈದ್ಯರು ಅಮಿಟ್ರಿಪ್ಟಿಲಿನ್ ಬರೆದರು. ಅಂಗಡಿಯವರು ಅದು ಖಿನ್ನತೆಯ ಮಾತ್ರೆ ಎಂದರು. ನನಗೆ ಮಾನಸಿಕ ತೊಂದರೆಯಿಲ್ಲ. ಬದಲಿಗೆ ಸೂಜಿ ಸಾಲದೇ? (ಓದುಗರೊಬ್ಬರು, ಶಿರಸಿ)

ಖಿನ್ನತೆಗೆ ಕೊಡುವ ಪ್ರಮಾಣ ಇದಕ್ಕಿಂತ ಬಹಳ ಹೆಚ್ಚು. ಕರುಳಿನ ನೋವಿಗೆ ರಾತ್ರಿ 10 ಮಿಲಿಗ್ರಾಂನಿಂದ ಶುರುಮಾಡಿ ಹೆಚ್ಚೆಂದರೆ 30ರವರೆಗೆ ಏರಿಸುತ್ತಾರೆ. ಇಷ್ಟರಲ್ಲಿ ಅದು ಕರುಳಿನಿಂದ ಮಿದುಳಿಗೆ ಹೋಗುವ ನೋವಿನ ಸುದ್ದಿಯನ್ನು ತಗ್ಗಿಸುತ್ತದೆ. ಸೂಜಿಯೂ ಗುರಿಯಿಡುವುದು ಅಲ್ಲಿಗೇ. ವ್ಯತ್ಯಾಸವೆಂದರೆ ಮಾತ್ರೆಯ ಪುರಾವೆ ಹೆಚ್ಚು ಗಟ್ಟಿ: 2023ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಟ್ಲಾಂಟಿಸ್ ಪ್ರಯೋಗದಲ್ಲಿ 463 ಐಬಿಎಸ್ ರೋಗಿಗಳಲ್ಲಿ ಆರು ತಿಂಗಳಿಗೆ ಸುಳ್ಳು ಮಾತ್ರೆಗಿಂತ ಸ್ಪಷ್ಟವಾಗಿ ಮೇಲಾಯಿತು. ಬಾಯಿ ಒಣಗುವುದು, ಬೆಳಿಗ್ಗೆ ಮಂಪರು ಇರುತ್ತದೆ, ಮಲಬದ್ಧತೆ ಇರುವವರಿಗೆ ಹೊಂದುವುದಿಲ್ಲ. ಎರಡನ್ನೂ ಒಟ್ಟಿಗೆ ಮಾಡಬಹುದು, ಒಂದೇ ವಾರ ಎರಡನ್ನೂ ಆರಂಭಿಸಬೇಡಿ. ಯಾವುದರಿಂದ ಗುಣವಾಯಿತೆಂದು ತಿಳಿಯದೆ ಹೋಗುತ್ತದೆ.

ಕರ್ನಾಟಕದಲ್ಲಿ ಯಾರ ಬಳಿ ಮಾಡಿಸಬೇಕು? ಅಪಾಯಗಳೇನು? ಮನೆಯಲ್ಲೇ ಬಿಂದು ಒತ್ತಿಕೊಂಡರೆ ಆಗದೇ? (ಓದುಗರೊಬ್ಬರು, ಉಡುಪಿ)

ಕೇಂದ್ರ ಸರ್ಕಾರ 2019ರಲ್ಲಿ ಆಕ್ಯುಪಂಕ್ಚರನ್ನು ಚಿಕಿತ್ಸಾ ಪದ್ಧತಿಯಾಗಿ ಮಾನ್ಯ ಮಾಡಿದೆ. ಪಕ್ಕದ ಮಹಾರಾಷ್ಟ್ರದಲ್ಲಿ ಇದಕ್ಕೆಂದೇ ಕಾನೂನು, ಕೌನ್ಸಿಲ್ ಇವೆ. ನಮ್ಮಲ್ಲಿ ಐದೂವರೆ ವರ್ಷದ ಬಿಎನ್‌ವೈಎಸ್, ಅಂದರೆ ಪ್ರಕೃತಿ ಚಿಕಿತ್ಸೆ-ಯೋಗ ಪದವಿಯ ಪಠ್ಯದಲ್ಲಿ ಆಕ್ಯುಪಂಕ್ಚರ್ ಇದೆ. ತರಬೇತಿ ಪಡೆದ ಎಂಬಿಬಿಎಸ್ ವೈದ್ಯರೂ ಮಾಡುತ್ತಾರೆ. ನೋಂದಣಿ ಸಂಖ್ಯೆ ಕೇಳಿ. ವಾರಾಂತ್ಯದ ಕೋರ್ಸಿನ ಪ್ರಮಾಣಪತ್ರ ಸಾಲದು.

ತರಬೇತಿ ಪಡೆದವರ ಕೈಯಲ್ಲಿ ಅಪಾಯ ತೀರ ಕಡಿಮೆ. ಬ್ರಿಟನ್ನಿನಲ್ಲಿ 34,000ಕ್ಕೂ ಹೆಚ್ಚು ಬಾರಿಯ ಚಿಕಿತ್ಸೆಯನ್ನು ದಾಖಲಿಸಿದ 2001ರ ಸಮೀಕ್ಷೆಯಲ್ಲಿ ಗಂಭೀರ ಅವಘಡ ಒಂದೂ ಇರಲಿಲ್ಲ. ಮೇಲುಬೆನ್ನಿಗೆ, ಎದೆಗೆ ಆಳವಾಗಿ ಚುಚ್ಚಿದರೆ ಮಾತ್ರ ಶ್ವಾಸಕೋಶ ತೂತಾಗುವ ಭಯ. ಚಿಕಿತ್ಸೆಯಾದ ಕೆಲವು ಗಂಟೆಗಳಲ್ಲಿ ಎದೆನೋವು, ಏದುಸಿರು ಬಂದರೆ ನೇರವಾಗಿ ಆಸ್ಪತ್ರೆಗೆ ಹೋಗಿ, ಸೂಜಿ ಹಾಕಿಸಿದ್ದನ್ನು ಹೇಳಿ. ಪೇಸ್‌ಮೇಕರ್ ಇದ್ದರೆ ವಿದ್ಯುತ್ ಸೂಜಿ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಿ.

ಬೆರಳಿನಿಂದ ಒತ್ತುವುದಕ್ಕೆ ಪುರಾವೆ ಇನ್ನೂ ತೆಳು. ಖರ್ಚಿಲ್ಲ, ಹಾನಿಯೂ ಕಡಿಮೆ. ಝುಸಾನ್‌ಲಿಯನ್ನು ಹೆಬ್ಬೆರಳಿನಿಂದ ಆಳದಲ್ಲಿ ಭಾರ ಎನಿಸುವಷ್ಟು ಒತ್ತಿ, ಕಾಲಿಗೆ ಎರಡು-ಮೂರು ನಿಮಿಷ, ದಿನಕ್ಕೆರಡು ಸಲ. ಮೇಲುಮೇಲೆ ಉಜ್ಜಿದರೆ ಚರ್ಮದ ನರ ಮಾತ್ರ ಎಚ್ಚರವಾಗುತ್ತದೆ. ರಕ್ತನಾಳ ಉಬ್ಬಿಕೊಂಡ ಕಾಲಾದರೆ, ಒಂದೇ ಕಾಲು ಊದಿ ನೋಯುತ್ತಿದ್ದರೆ ಒತ್ತಬೇಡಿ. ಅಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಮೊದಲು ಡಾಪ್ಲರ್ ಸ್ಕ್ಯಾನ್ ಆಗಲಿ.